ತಾಳ ತಪ್ಪಿಸಿದವರು ಯಾರು?

ಮೂವತ್ತು ವರ್ಷಗಳಿಂದ ಒಂಬತ್ತನೇ ತರಗತಿಗೆ ‘ಶಬ್ದ’ ಎಂಬ ಪಾಠ ಮಾಡುತ್ತ ಬಂದಿದ್ದೇನೆ. ಮಿಂಚು ಮೊದಲು, ಗುಡುಗು ಆಮೇಲೆ. ಹೊಳೆಯಾಚೆಯ ಅಗಸ ಬಟ್ಟೆ ಬಡಿಯುವುದು ಮೊದಲು ಕಾಣುತ್ತದೆ, ‘ಧಪ್’ ಎಂಬುದು ತಡವಾಗಿ ಕೇಳುತ್ತದೆ. ಈ ಉದಾಹರಣೆಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆ ಪಾಠವನ್ನು ನನಗೇ ತಿರುಗಿಸಿ ಒಪ್ಪಿಸಿದವಳು ನನ್ನ ತಮ್ಮನ ಮಗಳು, ಆಗ ಅವಳಿಗೆ ಹದಿನಾಲ್ಕು ವರ್ಷ. ಆ ಪರೀಕ್ಷೆಯಲ್ಲಿ ಮೇಷ್ಟರು ನಾಪಾಸು.

ನಡೆದದ್ದು 2019ರ ಬೇಸಿಗೆಯಲ್ಲಿ. ನಮ್ಮ ಏಪ್ರಿಲ್-ಮೇ ತಿಂಗಳ ಬೇಸಿಗೆ ಅಲ್ಲ, ಅಮೆರಿಕದ ಬೇಸಿಗೆ. ತಮ್ಮ ನ್ಯೂಜೆರ್ಸಿಯಲ್ಲಿ ಹೊಸ ಮನೆ ಕೊಂಡಿದ್ದ. ಗೃಹಪ್ರವೇಶಕ್ಕೆಂದು ಕೂಡಿಟ್ಟಿದ್ದ ಗಳಿಕೆ ರಜೆಯನ್ನೆಲ್ಲ ಹಾಕಿ ಹೋಗಿದ್ದೆ. ಅವನ ಮಗಳು ಶಾಲೆಯ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಾಳೆ. ಊಟದ ಮೇಜು, ಕಾರಿನ ಸೀಟು, ನನ್ನ ಸೂಟ್‌ಕೇಸು, ಯಾವುದನ್ನೂ ಅವಳ ಬೆರಳು ಬಿಡುವುದಿಲ್ಲ. “ದೊಡ್ಡಪ್ಪ, ನೀವು ನಯಾಗರಾ ಆಮೇಲೆ ನೋಡಿ. ಮೊದಲು ಅಲೆನ್‌ಟೌನ್‌ಗೆ ಬನ್ನಿ” ಎಂದು ಹಟ ಹಿಡಿದಳು. ಅಲೆನ್‌ಟೌನ್ ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದ ಊರು. ಅಲ್ಲಿ ಆಗಸ್ಟ್ ತಿಂಗಳ ಮೊದಲ ಶುಕ್ರವಾರ, ಶನಿವಾರ ಎರಡು ಸಂಜೆ ‘ಡ್ರಮ್ ಕೋರ್’ ಸ್ಪರ್ಧೆ.

‘ಕೋರ್’ ಎಂದರೆ ದಳ, ಪಡೆ. ಇಂಗ್ಲಿಷ್ ಕಾಗುಣಿತವನ್ನು ನಂಬಿ ಓದಿದರೆ ‘ಕಾರ್ಪ್ಸ್’ ಆಗಿ ಹೆಣ ಎಂಬ ಅರ್ಥ ಬಂದುಬಿಡುತ್ತದೆ, ಜೋಕೆ! ನಮ್ಮ ಎನ್.ಸಿ.ಸಿ.ಯ ಕೊನೆಯ ‘ಸಿ’ ಇದೇ ಪದ. ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು ಅಮೆರಿಕದ ಊರೂರುಗಳಲ್ಲಿ ಕಹಳೆ ಮತ್ತು ಡ್ರಮ್ಮಿನ ತಂಡಗಳನ್ನು ಕಟ್ಟಿದವು. ಚರ್ಚುಗಳೂ ಸ್ಕೌಟ್ ದಳಗಳೂ ಹುಡುಗರನ್ನು ಸೇರಿಸಿಕೊಂಡು ಅದನ್ನೇ ಮುಂದುವರಿಸಿದವು. 1972ರಲ್ಲಿ ಈ ತಂಡಗಳೇ ಕಟ್ಟಿಕೊಂಡ ‘ಡ್ರಮ್ ಕೋರ್ ಇಂಟರ್‌ನ್ಯಾಷನಲ್’ ಸಂಸ್ಥೆಯ ಮೊದಲ ಚಾಂಪಿಯನ್‌ಷಿಪ್ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬಲ್ಲಿ ನಡೆಯಿತು. ಗೆದ್ದದ್ದು ಕ್ಯಾಲಿಫೋರ್ನಿಯಾದ ಅನಾಹೈಮ್ ಕಿಂಗ್ಸ್‌ಮೆನ್. 2009ರಿಂದ ಅಂತಿಮ ಸ್ಪರ್ಧೆ ಇಂಡಿಯಾನಾಪೊಲಿಸ್ ನಗರದಲ್ಲಿ, ಆಗಸ್ಟ್ ತಿಂಗಳಲ್ಲಿ. ಅದಕ್ಕೆ ಮುನ್ನ ಬೇಸಿಗೆಯುದ್ದಕ್ಕೂ ತಂಡಗಳು ಬಸ್ಸುಗಳಲ್ಲಿ ಊರೂರು ಸುತ್ತಿ ಸ್ಪರ್ಧಿಸುತ್ತವೆ. ರಾತ್ರಿ ಯಾವುದೋ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗುವುದು, ಬೆಳಿಗ್ಗೆ ಬಿಸಿಲಲ್ಲಿ ಅಭ್ಯಾಸ, ಸಂಜೆ ಪ್ರದರ್ಶನ, ಮತ್ತೆ ಬಸ್ಸು. ಅಡುಗೆ ಮಾಡುವವರು, ಹರಿದ ಸಮವಸ್ತ್ರ ಹೊಲಿಯುವವರು ಎಷ್ಟೋ ಕಡೆ ಮಕ್ಕಳ ತಂದೆತಾಯಿಯರೇ.

ಒಂದೊಂದು ದೊಡ್ಡ ತಂಡದಲ್ಲಿ ನೂರೈವತ್ತರ ಸುಮಾರು ಮಂದಿ, ಹದಿಹರೆಯದಿಂದ ಇಪ್ಪತ್ತೊಂದು ಇಪ್ಪತ್ತೆರಡರವರೆಗಿನವರು. ತುತ್ತೂರಿ ಜಾತಿಯ ಹಿತ್ತಾಳೆ ವಾದ್ಯಗಳು, ಕೊರಳಿಗೆ ಕಟ್ಟಿಕೊಳ್ಳುವ ಡ್ರಮ್ಮುಗಳು, ಮೈದಾನದ ಮುಂಗಡೆ ಸಾಲಾಗಿ ಇಟ್ಟ ಮರಿಂಬಾ, ವೈಬ್ರಾಫೋನ್‌ಗಳು. ಕೊಳಲಿಲ್ಲ, ಕ್ಲಾರಿನೆಟ್ ಇಲ್ಲ. ಜೊತೆಗೆ ಬಾವುಟ, ಮರದ ಕೋವಿ, ಕತ್ತಿಗಳನ್ನು ಆಕಾಶಕ್ಕೆಸೆದು ಹಿಡಿಯುವ ಕುಣಿತದವರು. ಇಷ್ಟೂ ಜನ ಸುಮಾರು ಹತ್ತು ಹನ್ನೊಂದು ನಿಮಿಷ ಫುಟ್‌ಬಾಲ್ ಮೈದಾನದ ತುಂಬ ಓಡುತ್ತ, ಹಿಮ್ಮುಖವಾಗಿ ಜಾರುತ್ತ, ಬಿಲ್ಲಾಗಿ, ಚಕ್ರವಾಗಿ, ಒಂದು ಚೌಕದೊಳಗಿಂದ ಇನ್ನೊಂದು ಚೌಕ ತೂರಿಕೊಂಡು ಹೋಗುತ್ತ ನುಡಿಸುತ್ತಾರೆ. ಕೈಯಲ್ಲಿ ಸ್ವರಲಿಪಿಯ ಕಾಗದ ಇಲ್ಲ, ಎಲ್ಲ ಬಾಯಿಪಾಠ.

ಶುಕ್ರವಾರ ಸಂಜೆ ತಮ್ಮನ ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆಯನ್ನು ಕಾರು ನಿಲ್ಲಿಸಿದ ಜಾಗದಲ್ಲೇ ಮುಗಿಸಿ ಒಳಗೆ ಹೋದೆವು. ಟಿಕೆಟು ತಡವಾಗಿ ತೆಗೆದಿದ್ದರಿಂದ ನಮಗೆ ಸಿಕ್ಕಿದ್ದು ಮೈದಾನದ ಬಲತುದಿಯಲ್ಲಿ, ಕೆಳಗಿನಿಂದ ನಾಲ್ಕನೆಯ ಸಾಲು. ಹುಡುಗಿ ಮುಖ ಸಣ್ಣದು ಮಾಡಿದಳು. ನನಗೇನೋ ಖುಷಿಯೇ ಆಯಿತು. ನಾಟಕಕ್ಕೆ ಹೋದರೂ ಮುಂದಿನ ಸಾಲಿನಲ್ಲಿ ಕೂರುವ ಜಾತಿ ನನ್ನದು. ಅವಳು ತನ್ನ ಮೊಬೈಲನ್ನು ನನ್ನ ಕೈಗಿಟ್ಟು, “ಇಲ್ಲಿ ಜಡ್ಜುಗಳು ನೋಡುತ್ತಾ ನೋಡುತ್ತಾ ಮಾತಾಡಿ ರೆಕಾರ್ಡ್ ಮಾಡುತ್ತಾರೆ. ನೀವೂ ಒಂದು ತಂಡಕ್ಕೆ ಮಾಡಿ ದೊಡ್ಡಪ್ಪ” ಎಂದಳು. ಮೌಲ್ಯಮಾಪನ ಎಂದರೆ ಮೇಷ್ಟರಿಗೆ ಕೇಳಬೇಕೆ? ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಎಷ್ಟೋ ಏಪ್ರಿಲ್‌ಗಳನ್ನು ಕಳೆದವನು ನಾನು. ಮೂರನೆಯ ತಂಡ ಮೈದಾನಕ್ಕೆ ಬಂದಾಗ ಗುಂಡಿ ಒತ್ತಿ ಶುರು ಮಾಡಿದೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಅದನ್ನು ಹಾಕಿದಳು. ತನ್ನ ದನಿಯನ್ನು ತಾನೇ ಕೇಳುವುದೊಂದು ಶಿಕ್ಷೆ. ಅದರಲ್ಲೂ ತಪ್ಪು ಹುಡುಕುವ ದನಿ! “ಮೂರನೇ ಹುಡುಗನ ಕಾಲು ಮುಂದೆ ಬಂತು... ಆ ಬಾವುಟ ಬಿತ್ತು... ಸಾಲು ಸೊಟ್ಟ... ತುತ್ತೂರಿಯವರು ತಾಳಕ್ಕಿಂತ ಹಿಂದೆ... ಮತ್ತೆ ಹಿಂದೆ... ಆ ಕಡೆಯ ಗುಂಪಿಗೆ ತಾಳಜ್ಞಾನವೇ ಇಲ್ಲ... ಅಯ್ಯೋ, ಈಗಲೂ ಹಿಂದೆ...” ಹುಡುಗಿ ಒಂದು ಕಾಗದದ ಮೇಲೆ ಗೀಟು ಎಳೆಯುತ್ತಿದ್ದಳು. ಕೊನೆಗೆ ಎಣಿಸಿದಳು, ಹನ್ನೊಂದು ನಿಮಿಷದಲ್ಲಿ ಮೂವತ್ತೊಂದು ತಪ್ಪು. ಚೆನ್ನಾಗಿದೆ ಎಂದದ್ದು ಒಮ್ಮೆ, ಅದು ಅವರ ಸಮವಸ್ತ್ರದ ಬಣ್ಣಕ್ಕೆ. “ಮೂವತ್ತೊಂದರಲ್ಲಿ ಹತ್ತೊಂಬತ್ತು ಸಲ ಆ ಕಡೆಯವರು ಲೇಟು ಅಂದಿದ್ದೀರಿ. ಅವರು ಲೇಟಲ್ಲ ದೊಡ್ಡಪ್ಪ. ನೀವು ದೂರ. ಸ್ಪೀಡ್ ಆಫ್ ಸೌಂಡ್!”

ಕಾಫಿ ಗಂಟಲಲ್ಲೇ ನಿಂತಿತು. ಲೆಕ್ಕ ಹಾಕೋಣ ಎಂದು ಅವಳ ಕಾಗದವನ್ನೇ ತಿರುಗಿಸಿಕೊಂಡೆ. ನೀವೂ ಹಾಕಿ. ಗಾಳಿಯಲ್ಲಿ ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವೇಗ ಸುಮಾರು 0.6 ಮೀಟರು ಏರುತ್ತದೆ. ಅಂದಿನ ಸೆಕೆಯನ್ನು 30 ಡಿಗ್ರಿ ಎಂದುಕೊಂಡರೆ 349, ಲೆಕ್ಕಕ್ಕೆ ಸುಲಭವಾಗಲು 350 ಎನ್ನೋಣ. ಅಮೆರಿಕನ್ ಫುಟ್‌ಬಾಲ್ ಮೈದಾನದ ಒಟ್ಟು ಉದ್ದ ಸುಮಾರು 110 ಮೀಟರು, ಅಗಲ 49. ತಂಡ ಎಡಕ್ಕೂ ಬಲಕ್ಕೂ 70 ಮೀಟರು ಹರಡಿ ನಿಂತಿದೆ, ನಾನು ಬಲತುದಿಯಲ್ಲಿದ್ದೇನೆ. ಇಬ್ಬರು ಒಂದೇ ಕ್ಷಣದಲ್ಲಿ ಊದಿದರೂ ಆಚೆ ತುದಿಯವನ ಶಬ್ದ ಈಚೆ ತುದಿಯವನದಕ್ಕಿಂತ 70 ಮೀಟರು ಹೆಚ್ಚು ನಡೆದು ನನ್ನ ಕಿವಿಗೆ ಬರಬೇಕು. 70ನ್ನು 350ರಿಂದ ಭಾಗಿಸಿ, 0.2 ಸೆಕೆಂಡು. ಅಷ್ಟೇ ತಾನೇ ಎನ್ನಬೇಡಿ. ನಿಮಿಷಕ್ಕೆ 150 ಪೆಟ್ಟಿನ ಲಯದಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ 0.4 ಸೆಕೆಂಡು. ಅಂದರೆ ಆಚೆಯವರು ಸರಿಯಾಗಿ ಅರ್ಧ ಪೆಟ್ಟು ತಡವಾಗಿ ಕೇಳಿಸುತ್ತಾರೆ! ಮೈದಾನದ ನಡುಗೆರೆಯ ನೇರಕ್ಕೆ ಕೂತವನಿಗಾದರೆ ಎಡಬಲ ಎರಡೂ ತುದಿ ಸಮದೂರ, ಎರಡೂ ಒಟ್ಟಿಗೇ ಕೇಳುತ್ತವೆ. ತೀರ್ಪುಗಾರರು ಎತ್ತರದಲ್ಲಿ ನಡುವೆ ಕೂರುವುದು ಅವರ ದೊಡ್ಡಸ್ತಿಕೆಗಲ್ಲ.

ಶನಿವಾರ ಸಂಜೆ ಮತ್ತೆ ಹೋದೆವು. ಈ ಸಲ ಹುಡುಗಿ ನನ್ನನ್ನು ಎಳೆದುಕೊಂಡು ಹೋದದ್ದು ನಡುವಿಗೆ, ತೀರಾ ಮೇಲಿನ ಸಾಲಿಗೆ. ಮಂಡಿನೋವಿನವನು ಗೊಣಗಿಕೊಂಡೇ ಹತ್ತಿದೆ.

ಕೆಳಗಿನಿಂದ ನೋಡಿದಾಗ ಕಾಲುಗಳ ಕಾಡಾಗಿ ಕಂಡದ್ದು ಮೇಲಿನಿಂದ ರೇಖಾಗಣಿತವಾಗಿತ್ತು. ಒಂದು ಉದ್ದನೆಯ ಗೆರೆ ನಡುವೆ ಮುರಿದು, ಎರಡು ತುಂಡೂ ಎದುರುಬದುರಾಗಿ ಸುತ್ತಿ, ನೋಡನೋಡುತ್ತಿದ್ದಂತೆ ಒಂದರೊಳಗೊಂದು ಎರಡು ವೃತ್ತಗಳಾದವು. ಪ್ರತಿಯೊಬ್ಬರಿಗೂ ಮೈದಾನದ ಮೇಲೆ ಎರಡು ಅಳತೆಯ ವಿಳಾಸ ಕೊಟ್ಟಿರುತ್ತಾರೆ, ಪಕ್ಕದ ಗಜಗೆರೆಯಿಂದ ಇಷ್ಟು ಹೆಜ್ಜೆ, ಮುಂದಿನ ಅಂಚಿನಿಂದ ಇಷ್ಟು ಹೆಜ್ಜೆ. ನಮ್ಮ ಗಣಿತದ x, y ನಿರ್ದೇಶಾಂಕಗಳೇ. ಹೆಜ್ಜೆಯ ಅಳತೆಯೂ ನಿಗದಿ, 5 ಗಜಕ್ಕೆ 8 ಹೆಜ್ಜೆ. ಅಂದರೆ ಒಂದು ಹೆಜ್ಜೆಗೆ ಇಪ್ಪತ್ತೆರಡೂವರೆ ಅಂಗುಲ, 57 ಸೆಂ.ಮೀ. ಒಂದು ವಿಳಾಸದಿಂದ ಇನ್ನೊಂದಕ್ಕೆ ಎಷ್ಟು ಪೆಟ್ಟಿನೊಳಗೆ ಹೋಗಬೇಕೆಂಬುದೂ ಬರೆದಿರುತ್ತದೆ. ‘ನಿರ್ದೇಶಾಂಕ ರೇಖಾಗಣಿತ ಕಲಿತು ಏನು ಉಪಯೋಗ ಸಾರ್’ ಎಂದು ಕೇಳುವ ಹಿಂದಿನ ಬೆಂಚಿನವರನ್ನು ಆ ಮೇಲಿನ ಸಾಲಿಗೆ ಕರೆದೊಯ್ಯುವ ಆಸೆಯಾಯಿತು.

ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಎಡಬಲದ ಸಮಸ್ಯೆ ನಡುವೆ ಕೂತರೆ ತೀರಿತು. ಹಿಂದೆಮುಂದೆ? ಮೈದಾನದ ಹಿಂಬದಿಯಲ್ಲಿ ಡ್ರಮ್ಮು, ಮುಂಬದಿಯಲ್ಲಿ ಮರಿಂಬಾ. ನಡುವೆ 49 ಮೀಟರು, 0.14 ಸೆಕೆಂಡು. ಎಲ್ಲರೂ ಮುಂದೆ ಏಣಿಯ ಮೇಲೆ ನಿಂತ ನಾಯಕನ ಕೈಯನ್ನೇ ನೋಡಿ ನುಡಿಸಿದರೆ, ಬೆಳಕು ಕ್ಷಣದಲ್ಲಿ ಎಲ್ಲರಿಗೂ ಮುಟ್ಟುವುದರಿಂದ, ಎಲ್ಲರೂ ಒಂದೇ ಕ್ಷಣದಲ್ಲಿ ನುಡಿಸುತ್ತಾರೆ. ಆದರೆ ನಮಗೆ ಮರಿಂಬಾ ಮೊದಲು, ಡ್ರಮ್ಮು ಆಮೇಲೆ ಕೇಳುತ್ತದೆ. ಎಲ್ಲರೂ ಸರಿ, ಒಟ್ಟು ತಪ್ಪು! ಇದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಚೆಂದದ್ದು. ಮುಂದಿನ ಮರಿಂಬಾದವರು ನಾಯಕನನ್ನು ನೋಡುವುದಿಲ್ಲ. ಮೈದಾನಕ್ಕೆ ಬೆನ್ನು ಹಾಕಿ ನಿಂತು, ಬೆನ್ನ ಹಿಂದಿನಿಂದ ಬರುವ ಡ್ರಮ್ಮಿನ ಸದ್ದಿಗೆ ಕಿವಿಗೊಟ್ಟು, ಅದು ತಮ್ಮನ್ನು ದಾಟುವ ಕ್ಷಣದಲ್ಲಿ ತಮ್ಮ ಪೆಟ್ಟನ್ನು ಅದರ ಮೇಲೆ ಹತ್ತಿಸುತ್ತಾರೆ. ಓಡುವ ಬಸ್ಸಿಗೆ ಹತ್ತಿದ ಹಾಗೆ. ಎರಡೂ ಸದ್ದು ಜೊತೆಯಾಗಿ ಪ್ರೇಕ್ಷಕರ ಕಡೆಗೆ ಹೊರಡುತ್ತವೆ. ನಾಯಕನಾದರೋ ಎಷ್ಟೋ ಕಡೆ ಹಿಂದಿರುವ ಡ್ರಮ್ಮಿನವರ ಕಾಲು ನೋಡಿಕೊಂಡು ಕೈಬೀಸುತ್ತಾನೆ, ಕಿವಿಯನ್ನು ನಂಬುವುದಿಲ್ಲ. ಯಾವಾಗ ಕಣ್ಣನ್ನು ನಂಬಬೇಕು, ಯಾವಾಗ ಕಿವಿಯನ್ನು ಎಂಬುದೇ ಅಲ್ಲಿ ಅರ್ಧ ವಿದ್ಯೆ. ನನಗೆ ಶುಕ್ರವಾರ ತಪ್ಪೆಂದು ಕಂಡ ಮಕ್ಕಳು ಈ ಲೆಕ್ಕವನ್ನು ಮೈಯಲ್ಲೇ ಇಟ್ಟುಕೊಂಡು ಓಡುತ್ತಿದ್ದರು.

ಉಷ್ಣತೆಯ ಕಾಟ ಬೇರೆ. ಮಧ್ಯಾಹ್ನ 35 ಡಿಗ್ರಿ ಬಿಸಿಲಲ್ಲಿ ಶ್ರುತಿ ಕೂಡಿಸಿದ ತುತ್ತೂರಿಯನ್ನು ಇಂಡಿಯಾನಾಪೊಲಿಸ್ಸಿನ ಸೂರಿರುವ, ತಂಪು ಮಾಡಿದ ಕ್ರೀಡಾಂಗಣಕ್ಕೆ ಒಯ್ದರೆ ಒಳಗಿನ ಗಾಳಿಯಲ್ಲಿ ಶಬ್ದದ ವೇಗ ತಗ್ಗಿ ಶ್ರುತಿ ಇಳಿಯುತ್ತದೆ. ಊದುವವರ ಉಸಿರು ಕೊಳವೆಯನ್ನು ಬೆಚ್ಚಗಿಡುವುದರಿಂದ ಪೂರ್ತಿ ಇಳಿಯದು, ಆದರೂ ಕಿವಿಗೆ ಗೊತ್ತಾಗುವಷ್ಟು ಇಳಿಯುತ್ತದೆ. ವೈಬ್ರಾಫೋನಿನ ಲೋಹದ ಪಟ್ಟಿಗಳು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಒಂದೇ ತಂಡದಲ್ಲಿ ಒಬ್ಬರ ಶ್ರುತಿ ಹವೆಯೊಡನೆ ಏರಿಳಿಯುತ್ತದೆ, ಇನ್ನೊಬ್ಬರದು ಕದಲುವುದಿಲ್ಲ.

ಇನ್ನು ತೀರ್ಪಿನ ವಿಚಾರ. ಇದು ವಿದ್ಯಾರ್ಥಿಗಳಿಗಿಂತ ನಿಮ್ಮ ತಂದೆತಾಯಿಯರೂ ನನ್ನಂಥ ಮೇಷ್ಟರುಗಳೂ ಓದಬೇಕಾದ ಭಾಗ.

ಮೊದಲ ದಶಕದಲ್ಲಿ, 1983ರವರೆಗೂ, ಅಲ್ಲಿ ‘ಟಿಕ್’ ಪದ್ಧತಿ ಇತ್ತು. ತಂಡ ಪೂರ್ತಿ ಅಂಕಗಳೊಂದಿಗೆ ಮೈದಾನಕ್ಕೆ ಬರುತ್ತದೆ. ತೀರ್ಪುಗಾರರು ಹಲಗೆ ಹಿಡಿದು ಸಾಲುಗಳ ನಡುವೆಯೇ ನುಗ್ಗಾಡುತ್ತ, ಕಾಲು ತಪ್ಪಿದರೆ ಒಂದು ಗೀಟು, ಸ್ವರ ಒಡೆದರೆ ಒಂದು ಗೀಟು, ಗೀಟಿಗೆ ಹತ್ತನೇ ಒಂದಂಶ ಅಂಕ ಕಡಿತ. ನನ್ನ ಶುಕ್ರವಾರದ ವರದಿ ಥೇಟ್ ಇದೇ. ಈ ಪದ್ಧತಿಗೆ ಒಂದು ನೇರ ನ್ಯಾಯವಿದೆ, ಅಲ್ಲಗಳೆಯಲಾರೆ, ತಪ್ಪು ತಪ್ಪೇ. ಆದರೆ ಅದರ ಪರಿಣಾಮವೇನು ನೋಡಿ. ಕಷ್ಟದ್ದಕ್ಕೆ ಕೈಹಾಕಿದವನಿಗೆ ಗೀಟು ಹೆಚ್ಚು, ಸುಲಭದ್ದನ್ನು ತಪ್ಪಿಲ್ಲದೆ ಒಪ್ಪಿಸಿದವನಿಗೆ ಅಂಕ ಹೆಚ್ಚು. 1984ರಿಂದ ಅದನ್ನು ಕೈಬಿಟ್ಟು, ಸೊನ್ನೆಯಿಂದ ಮೇಲಕ್ಕೆ ಕಟ್ಟುತ್ತ ಹೋಗುವ ಪದ್ಧತಿ ತಂದರು. ಒಟ್ಟು 100 ಅಂಕ. ಅದರಲ್ಲಿ 40 ಒಟ್ಟಾರೆ ಪರಿಣಾಮಕ್ಕೆ, 30 ನೋಟಕ್ಕೆ, 30 ಸಂಗೀತಕ್ಕೆ. ಸಾಮಾನ್ಯವಾಗಿ ಪ್ರತಿ ತೀರ್ಪುಗಾರನೂ ಎರಡು ಅಂಕ ಕೊಡಬೇಕು, ‘ಏನು ಮಾಡಲು ಹೊರಟರು’ ಎಂಬುದಕ್ಕೊಂದು, ‘ಹೇಗೆ ಮಾಡಿದರು’ ಎಂಬುದಕ್ಕೊಂದು. ನಮ್ಮ ಉತ್ತರಪತ್ರಿಕೆಗಳಲ್ಲಿ ಎರಡನೆಯ ಕಾಲಂ ಮಾತ್ರ ಇದೆ.

ಇನ್ನೂ ಒಂದು ಪದ್ಧತಿ ನನಗೆ ಹಿಡಿಸಿತು. ತೀರ್ಪುಗಾರನ ಮಾತೆಲ್ಲ ರೆಕಾರ್ಡ್ ಆಗಿ ತಂಡದ ಶಿಕ್ಷಕರ ಕೈಸೇರುತ್ತದೆ. ಒಂದು ಕಾಲಕ್ಕೆ ಕ್ಯಾಸೆಟ್ಟಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ಅನೇಕ ಸ್ಪರ್ಧೆಗಳ ನಂತರ ಅದೇ ರಾತ್ರಿ ಶಿಕ್ಷಕರೂ ತೀರ್ಪುಗಾರರೂ ಎದುರುಬದುರು ಕೂತು ಮಾತಾಡುತ್ತಾರೆ. ನೀವು ಯಾಕೆ ಹೀಗೆಂದಿರಿ, ಆ ಕ್ಷಣ ಎಲ್ಲಿ ನೋಡುತ್ತಿದ್ದಿರಿ ಎಂದು ಕೇಳುವ ಹಕ್ಕು ತಂಡಕ್ಕಿದೆ. ಮರುದಿನದ ಅಭ್ಯಾಸಕ್ಕೆ ಅದೇ ಪಾಠ. ನಾನು ಕೆಂಪು ಶಾಯಿಯಲ್ಲಿ ಬರೆದದ್ದಕ್ಕೆ ಯಾವ ಹುಡುಗನಾದರೂ ‘ನೀವು ಎಲ್ಲಿ ನೋಡುತ್ತಿದ್ದಿರಿ ಸಾರ್’ ಎಂದು ಕೇಳಿದ್ದರೆ? ಕಿವಿ ಹಿಂಡುತ್ತಿದ್ದೆ.

ಹಾಗಂತ ಅವರ ತೀರ್ಪುಗಳೆಲ್ಲ ದೇವರ ವಾಕ್ಯವೇನಲ್ಲ. 2008ರಲ್ಲಿ ರೋಮಿನ ಗುಲಾಮ ಬಂಡಾಯಗಾರ ಸ್ಪಾರ್ಟಕಸ್‌ನ ಕಥೆಯನ್ನು ಆಡಿದ ‘ಫ್ಯಾಂಟಮ್ ರೆಜಿಮೆಂಟ್’ 98.125 ಪಡೆದು ಗೆದ್ದಿತು. ಎರಡನೆಯ ‘ಬ್ಲೂ ಡೆವಿಲ್ಸ್’ಗೆ 98.100. ಅಂತರ ಒಂದು ಅಂಕದ ನಲವತ್ತನೇ ಒಂದು ಭಾಗ! ಅಳತೆಗೋಲಿನ ಅತಿ ಸಣ್ಣ ಗೆರೆಗಿಂತ ಸೂಕ್ಷ್ಮವಾದ ಅಳತೆಯನ್ನು ನಂಬಬೇಡಿ ಎಂದು ಪ್ರಯೋಗಶಾಲೆಯಲ್ಲಿ ಹೇಳಿಕೊಡುವ ನನಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. 1993ರದು ಇನ್ನೂ ಸ್ವಾರಸ್ಯದ್ದು. ‘ಸ್ಟಾರ್ ಆಫ್ ಇಂಡಿಯಾನಾ’ ಎಂಬ ತಂಡ ಬಾರ್ಬರ್ ಮತ್ತು ಬಾರ್ಟೋಕ್ ಎಂಬ ಆಧುನಿಕ ಸಂಗೀತಕಾರರ ಕೃತಿಗಳನ್ನೆತ್ತಿಕೊಂಡು, ಚಪ್ಪಾಳೆಗೆ ಜಾಗ ಬಿಡದ, ಬಿಗಿಯಾದ ಒಂದು ಪ್ರದರ್ಶನ ಮಾಡಿತು. ಪ್ರೇಕ್ಷಕರಲ್ಲಿ ಒಂದು ಪಾಲು ಸಿಡುಕಿತು. ‘ಕ್ಯಾಡೆಟ್ಸ್’ ತಂಡದೆದುರು 0.1 ಅಂಕದಿಂದ ಸೋತ ಆ ತಂಡ ಮತ್ತೆ ಸ್ಪರ್ಧೆಗೆ ಬರಲೇ ಇಲ್ಲ. ಅದರ ಬೇರಿನಿಂದಲೇ ಚಿಗುರಿದ ‘ಬ್ಲಾಸ್ಟ್!’ ಎಂಬ ರಂಗಪ್ರದರ್ಶನಕ್ಕೆ 2001ರಲ್ಲಿ ಟೋನಿ ಪ್ರಶಸ್ತಿ ಬಂತು. ಇಂದು ಆ 1993ರ ಪ್ರದರ್ಶನವನ್ನು ಅಭಿಮಾನಿಗಳು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಹುಡುಗಿ ನನಗೆ ಮನೆಯ ಟಿ.ವಿ.ಯಲ್ಲಿ ಹಾಕಿ ತೋರಿಸಿದಳು. ಮೊದಲ ಸಲ ನನಗೂ ರುಚಿಸಲಿಲ್ಲ. ಎರಡನೆಯ ಸಲ ಕೊನೆಯ ಎರಡು ನಿಮಿಷ ಎದ್ದು ನಿಂತು ನೋಡಿದೆ.

ಮೇಲೆ ಕೂತ ಮೇಲೂ ಉಳಿದ ನನ್ನ ತಕರಾರು ಎರಡು. 2004ರಿಂದ ಧ್ವನಿವರ್ಧಕಕ್ಕೂ 2009ರಿಂದ ಎಲೆಕ್ಟ್ರಾನಿಕ್ ವಾದ್ಯಗಳಿಗೂ ಅನುಮತಿ ಸಿಕ್ಕಿದೆ. ಎಂಬತ್ತು ಮಂದಿ ಪುಪ್ಪುಸ ತುಂಬಿಸಿ ಊದುವಾಗ ಒಬ್ಬ ಬೆರಳಲ್ಲಿ ಗುಂಡಿ ಒತ್ತಿ ಅದರ ಕೆಳಗೆ ‘ಗುಂಯ್’ ಎಂದು ಹೊರಡಿಸುವುದು ನನಗೆ ಹಿಡಿಸಲಿಲ್ಲ, ಊರಹಬ್ಬದ ಧ್ವನಿವರ್ಧಕದ ನೆನಪಾಯಿತು. ಹುಡುಗಿ ಒಪ್ಪುವುದಿಲ್ಲ. ಇರಲಿ. ಎರಡನೆಯದು ಹಣ. ಒಂದು ಬೇಸಿಗೆಗೆ ಪ್ರತಿ ಸದಸ್ಯನೂ ಸಾವಿರಾರು ಡಾಲರ್ ಶುಲ್ಕ ಕಟ್ಟಬೇಕು. ಹಿಂದೆ ಕೇರಿಯ ಹುಡುಗರನ್ನು ಬೀದಿಯಿಂದ ಕರೆತರಲು ಹುಟ್ಟಿದ ತಂಡಗಳಿಗೆ ಈಗ ಕೇರಿಯ ಹುಡುಗ ಸೇರುವುದು ಸುಲಭವಲ್ಲ. ತಮ್ಮ ಮಗಳೆದುರು ಈ ಮಾತೆತ್ತದೆ ಸುಮ್ಮನಿದ್ದ. ಅವನು ಮನಸ್ಸಿನಲ್ಲಿ ಹಾಕುತ್ತಿದ್ದ ಲೆಕ್ಕ ನನಗೆ ಕಾಣುತ್ತಿತ್ತು.

ಊರಿಗೆ ಹಿಂತಿರುಗುವಾಗ ವಿಮಾನದಲ್ಲಿ ನಿದ್ದೆ ಬರಲಿಲ್ಲ. ತಲೆಯಲ್ಲಿ ಕೊರೆಯುತ್ತಿದ್ದದ್ದು ಅಲೆನ್‌ಟೌನ್ ಅಲ್ಲ, 1998ರ ಆಗಸ್ಟ್ 15.

ಆ ವರ್ಷ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಕವಾಯತಿನ ಉಸ್ತುವಾರಿ ನನ್ನದು. ಧ್ವಜಸ್ತಂಭದ ಬಳಿ ವೇದಿಕೆ, ಅದರ ಪಕ್ಕ ನಾನು. ಮೈದಾನದ ಆಚೆ ತುದಿಯಲ್ಲಿ ಹೊಂಗೆ ಮರದ ಕೆಳಗೆ ಬ್ಯಾಂಡು. ನಡುವೆ ಉದ್ದಕ್ಕೂ ಮಕ್ಕಳ ಸಾಲು. ಪಂಚಾಯಿತಿ ಅಧ್ಯಕ್ಷರು ವಂದನೆ ಸ್ವೀಕರಿಸುವ ಹೊತ್ತಿಗೆ ನೋಡುತ್ತೇನೆ, ಸಾಲು ಹಾವಿನಂತೆ ತೊನೆಯುತ್ತಿದೆ. ನನ್ನ ಹತ್ತಿರದವರ ಕಾಲು ಡ್ರಮ್ಮಿಗೆ ಸರಿಯಾಗಿ ಬೀಳುತ್ತಿದೆ. ದೂರದವರ ಕಾಲು ಮೊದಲು, ಡ್ರಮ್ಮು ಆಮೇಲೆ. ಡ್ರಮ್ಮಿನವನು ಎಳೆಯುತ್ತಿದ್ದಾನೆ ಎಂದು ತೀರ್ಮಾನಿಸಿದೆ. ಕಾರ್ಯಕ್ರಮ ಮುಗಿದೊಡನೆ ಎಲ್ಲರೆದುರಿಗೆ ಆ ಹುಡುಗನನ್ನು ಕರೆದು, ತಾಳ ಗೊತ್ತಿಲ್ಲದವನಿಗೆ ಡ್ರಮ್ಮೇಕೆ ಎಂದು ಕೋಲು ಕಸಿದು ಇನ್ನೊಬ್ಬನಿಗೆ ಕೊಟ್ಟೆ. ಒಂಬತ್ತನೇ ತರಗತಿಯವನು. ಬ್ಯಾಂಡನ್ನೇ ಬಿಟ್ಟ. ನವೆಂಬರ್ ಒಂದಕ್ಕೆ ಹೊಸಬ ಬಾರಿಸಿದಾಗಲೂ ಸಾಲು ಹಾಗೆಯೇ ತೊನೆಯಿತು. ಅದನ್ನು ಕಂಡೂ ನನಗೆ ಏನೂ ಹೊಳೆಯಲಿಲ್ಲ. ಅದೇ ವಾರ ತರಗತಿಯಲ್ಲಿ ಮಿಂಚು-ಗುಡುಗು ಹೇಳಿಕೊಟ್ಟಿರಬೇಕು.

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದವು. ಅಮೆರಿಕದಲ್ಲೂ ಆ ಬೇಸಿಗೆ ಡ್ರಮ್ ಕೋರ್ ಸ್ಪರ್ಧೆ ನಡೆಯಲಿಲ್ಲ, 1972ರಿಂದ ಈಚೆಗೆ ಅದೇ ಮೊದಲು. ಒಂದು ದಿನ ಆ ಹಳೆಯ ಶಾಲೆಗೆ ಹೋಗಿ, ಕಾವಲುಗಾರನಿಗೆ ಹೇಳಿ, ಉದ್ದನೆಯ ಟೇಪು ಹಿಡಿದು ಧ್ವಜಸ್ತಂಭದಿಂದ ಹೊಂಗೆ ಮರದ ಬುಡಕ್ಕೆ ಅಳೆದೆ. 78 ಮೀಟರು. ಶಬ್ದಕ್ಕೆ 0.22 ಸೆಕೆಂಡು. ನಮ್ಮ ಕವಾಯತಿನ ಲಯ ನಿಮಿಷಕ್ಕೆ 120, ಹೆಜ್ಜೆಗೆ ಅರ್ಧ ಸೆಕೆಂಡು. ಹೆಚ್ಚುಕಡಿಮೆ ಅರ್ಧ ಹೆಜ್ಜೆಯ ಅಂತರ. ಹುಡುಗ ಆ ದಿನ ತಪ್ಪೇ ಮಾಡಿರಲಿಲ್ಲ ಎಂದು ಪ್ರಮಾಣ ಮಾಡಲಾರೆ. ನಾನು ಕಂಡ ತಪ್ಪು ಮಾತ್ರ ಅವನದಾಗಿರಲಿಲ್ಲ.

ನಿಮ್ಮ ಶಾಲೆಯ ಮೈದಾನ ದೊಡ್ಡದಿದ್ದರೆ ನೀವೂ ಪರೀಕ್ಷಿಸಿ. ಗೆಳೆಯನ ಕೈಗೆ ಒಂದು ತಟ್ಟೆ, ಒಂದು ಕೋಲು ಕೊಡಿ. ಸೆಕೆಂಡಿಗೆ ಎರಡು ಪೆಟ್ಟಿನಂತೆ ಬಡಿಯುತ್ತಲೇ ಇರಲಿ, ಕೈಯನ್ನು ತಲೆಗಿಂತ ಮೇಲಕ್ಕೆ ಎತ್ತಿ ಬಡಿದರೆ ದೂರಕ್ಕೆ ಕಾಣುತ್ತದೆ. ನೀವು ಅವನನ್ನೇ ನೋಡುತ್ತ ಹಿಂದೆ ಹಿಂದೆ ನಡೆಯಿರಿ (ಹಿಂದೆ ಗುಂಡಿ ಇಲ್ಲವೆಂದು ಮೊದಲೇ ನೋಡಿಕೊಂಡು!). ಸದ್ದು ಪೆಟ್ಟಿನಿಂದ ಬಿಡಿಸಿಕೊಂಡು ಮೆಲ್ಲಗೆ ಹಿಂದೆ ಬೀಳುತ್ತದೆ. ಕೋಲು ತೀರಾ ಮೇಲಿರುವಾಗ, ಅಂದರೆ ಎರಡು ಪೆಟ್ಟುಗಳ ನಟ್ಟನಡುವೆ, ಸದ್ದು ಕೇಳುವ ಜಾಗದಲ್ಲಿ ನಿಂತು ದೂರ ಅಳೆಯಿರಿ. ಅದನ್ನು ನಾಲ್ಕರಿಂದ ಗುಣಿಸಿದರೆ ಶಬ್ದದ ವೇಗ. 28 ಡಿಗ್ರಿಯ ದಿನವಾದರೆ ಆ ದೂರ ಸುಮಾರು 87 ಮೀಟರು ಬರಬೇಕು. ಐದಾರು ಮೀಟರು ಹೆಚ್ಚುಕಡಿಮೆಯಾದರೆ ಬೇಸರ ಬೇಡ.

ತಮ್ಮನ ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಆಗಾಗ ತನ್ನ ಅಭ್ಯಾಸದ ಧ್ವನಿಮುದ್ರಣ ಕಳಿಸಿ ‘ಜಡ್ಜ್ ಮಾಡಿ’ ಎನ್ನುತ್ತಾಳೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿ, ಮೊದಲು ಏನು ಬಾರಿಸಲು ಹೊರಟಿದ್ದಳೆಂದು ಬರೆಯುತ್ತೇನೆ. ಎಡಗೈ ಇನ್ನೂ ಸ್ವಲ್ಪ ಮೃದು ಎಂಬುದನ್ನೂ ಬರೆಯದೆ ಬಿಡುವುದಿಲ್ಲ.

1998ರ ಆ ಹುಡುಗ 2022ರಲ್ಲಿ ಸಿಕ್ಕಿದ. ಮಗಳನ್ನು ಎಂಟನೇ ತರಗತಿಗೆ ಸೇರಿಸಲು ನಾನಿರುವ ಶಾಲೆಗೇ ಬಂದಿದ್ದ, ತಲೆಯಲ್ಲಿ ಅಲ್ಲಲ್ಲಿ ನರೆ. ಸಿಬ್ಬಂದಿ ಕೊಠಡಿಯಲ್ಲಿ ಕೂರಿಸಿ, ಹಾಳೆಯ ಮೇಲೆ ಧ್ವಜಸ್ತಂಭ, ಹೊಂಗೆ ಮರ, 78 ಮೀಟರು ಎಲ್ಲ ಬರೆದು ಲೆಕ್ಕ ತೋರಿಸಿದೆ. ಅವನು ತಾಳ್ಮೆಯಿಂದ ಕೊನೆಯವರೆಗೂ ಕೇಳಿದ. ಆಮೇಲೆ ನಕ್ಕು, “ನಮ್ಮ ಪಕ್ಕದಲ್ಲಿದ್ದವರ ಕಾಲು ಸರಿಯಾಗೇ ಬೀಳ್ತಿತ್ತು ಸಾರ್. ನನಗೆ ಅವತ್ತೇ ಗೊತ್ತಿತ್ತು. ನಿಮಗೆ ಹೇಳೋಕೆ ಹೆದರಿಕೆ ಆಯ್ತು” ಎಂದ.